ಹಲ್ಲಿನವಳು ಮಾಡಿದ ಫಲಕ

ಊರಿಗೆಲ್ಲ ನಾನು ಹಲ್ಲಿನವಳು.
ಹೀಯುಮಾ ದ್ವೀಪದಲ್ಲಿ ಅರವತ್ತು ದಾಟಿದವರ ನಗು
ಅರ್ಧಕ್ಕರ್ಧ ನನ್ನ ಮೇಜಿನಿಂದ ಹೋದದ್ದು.
ನನಗೆ ಗೊತ್ತಿರುವ ಪ್ಲಾಸ್ಟಿಕ್ಕು ಗುಲಾಬಿ ಬಣ್ಣದ್ದು,
ಅಂಗೈಗಿಂತ ಚಿಕ್ಕದು,
ಒಸಡಿಗೆ ಒರಗಿ ಕೂರುವಂಥದು.

ಅಣ್ಣ ಎಂಡೆಲ್ ಹೊತ್ತು ತಂದದ್ದು ಬಾಗಿಲಗಲ.
ಬಂದರಿನ ಕಿರಾಣಿ ಅಂಗಡಿಯಲ್ಲಿ
ರೋಗದ ಆ ಎರಡು ವರ್ಷ
ಗಲ್ಲಾದ ಮುಂದೆ ನಿಂತಿದ್ದ ಗಾಜಿನಂಥ ಹಾಳೆ.
ಕೆಳಗೆ ಚಿಲ್ಲರೆ ತೂರಿಸಲು ಅರ್ಧಚಂದ್ರದ ಕಿಂಡಿ.
ನಡುವೆ, ಬಾಯಿಯ ಎತ್ತರದಲ್ಲಿ,
ಎಷ್ಟು ಒರೆಸಿದರೂ ಹೋಗದ ಒಂದು ಮಬ್ಬು.

ಮೂರು ಚಳಿಗಾಲದಿಂದ ಖಾಲಿ ಕೊಟ್ಟಿಗೆಯಲ್ಲಿ
ದೋಣಿ ಕಟ್ಟುತ್ತಿದ್ದಾನೆ.
ಸತ್ತ ಅಂಚೆವ್ಯಾನಿನ ಎಂಜಿನ್ನು, ಅದರದೇ ಮೂರು ಮುಳ್ಳಿನ ಬಿಲ್ಲೆ:
ಸುತ್ತಿಗೊಂದು, ಬಿಸಿಗೊಂದು, ಡೀಸೆಲ್ಲಿಗೊಂದು.
"ಮರ ನನ್ನ ಮಾತು ಕೇಳುತ್ತೆ, ಇದು ಕೇಳಲ್ಲ.
ಡ್ಯಾಶ್‌ಬೋರ್ಡು ನೀನೇ ಮಾಡು. ಕಿಂಡಿ ಮಾತ್ರ ಇರಲಿ,
ವೈರಿಗೆ ಬೇಕು."

ಮಾರ್ಚ್. ಕೊಲ್ಲಿಯಲ್ಲಿ ಇನ್ನೂ ಗಡ್ಡೆ.
ತಣ್ಣಗಿದ್ದರೆ ಈ ಹಾಳೆ ಹಪ್ಪಳದ ಜಾತಿ;
ರಾತ್ರಿಯಿಡೀ ಒಲೆಯ ಪಕ್ಕ ನಿಲ್ಲಿಸಿದೆ.
ಬೆಳಿಗ್ಗೆ ಕಾಗದದ ಟೇಪು ಹಚ್ಚಿ, ರಟ್ಟಿನ ಅಚ್ಚು ಇಟ್ಟು,
ಸುತ್ತ ಪೆನ್ಸಿಲ್ಲು ಎಳೆದೆ.

ಗರಗಸಕ್ಕೂ ಹಲ್ಲುಂಟು. ಸಣ್ಣ ಹಲ್ಲಿನದು ಬೇಕು,
ಅವಸರ ಬೇಡ.
ಎಂಡೆಲ್‌ಗೆ ಒಂದು ಗೇಣು ಬಿಟ್ಟುಕೊಟ್ಟೆ. ಒತ್ತಿದ, ಓಡಿಸಿದ.
ಕೊಯ್ದದ್ದೆಲ್ಲ ಕರಗಿ
ಅಲಗಿನ ಬೆನ್ನ ಹಿಂದೆಯೇ ಮತ್ತೆ ಕೂಡಿಕೊಂಡಿತ್ತು,
ಗಂಡಹೆಂಡಿರ ಜಗಳದ ಹಾಗೆ.
ಆ ಸುಟ್ಟ ವಾಸನೆ ನನಗೆ ಮನೆಯದು.
ಅವನು ಕೆಮ್ಮುತ್ತ ಹೊರಗೆ ಹೋದ.

ಎರಡು ತೂತು ದುಂಡಗೆ, ಚಂದ.
ಮೂರನೆಯದು, ಡೀಸೆಲ್ಲಿನದು, ಅಂಚಿಗೆ ಎರಡೇ ಬೆರಳು.
ಕೊನೆಯ ಸುತ್ತಿನಲ್ಲಿ ಕೊರೆಯುವ ಬಟ್ಟಲು ಕಚ್ಚಿತು.
ಟಿಕ್.
ತೆಳ್ಳಗೆ, ಬೆಳ್ಳಗೆ, ಹೊರಟೇಬಿಟ್ಟಿತು ಒಂದು ಬಿರುಕು
ಚಿಲ್ಲರೆ ಕಿಂಡಿಯ ಕಡೆಗೆ.

ಬೈದರೆ ಬಿರುಕು ನಿಲ್ಲದು.
ಅಂಟು ಹಾಕಿದರೆ ಒಳಗೊಳಗೇ ನಡೆಯುತ್ತದೆ.
ಎಲ್ಲಿಯವರೆಗೆ ಬಂದಿದೆಯೋ ಅಲ್ಲೇ, ಸರಿಯಾಗಿ ತುದಿಯಲ್ಲೇ,
ಸಾಸಿವೆಯಷ್ಟು ತೂತು ಕೊರೆಯಬೇಕು.
ಚೂಪಿಗೆ ದುಂಡು ಎದುರಾದರೆ
ಮುಂದೆ ಎತ್ತ ಹೋಗಬೇಕೋ ತಿಳಿಯದು.
ನೂರು ದವಡೆಗಳಲ್ಲಿ ಮಾಡಿದ್ದೇನೆ ಇದನ್ನು.
ಎಂಡೆಲ್‌ನ ಮೇಲಿನ ಸೆಟ್ಟಿನಲ್ಲೂ;
ಅವನಿಗೆ ಹೇಳಿಲ್ಲ.

ಆಮೇಲೆ ಅಂಚು. ಅಂಚೇ ಕೆಲಸ.
ಚಾಕುವಿನ ಬೆನ್ನಿನಿಂದ ಕೆರೆದಾಗ
ಮಡಿಲಿಗೆ ಸುರುಳಿ ಸುರುಳಿ ಉದುರಿತು.
ಮರಳುಕಾಗದ, ನೀರು;
ಇನ್ನೂ ನಯದ ಕಾಗದ, ಮತ್ತೆ ನೀರು;
ಕೊನೆಗೆ ಹಲ್ಲಿಗೆ ಹಚ್ಚುವ ಅದೇ ಬಿಳಿ ಪುಡಿ, ತಿರುಗುವ ಬಟ್ಟೆಚಕ್ರ.
ಕಣ್ಣು ಮುಚ್ಚಿ ನಾಲಿಗೆ ತಾಗಿಸಿ ನೋಡಿದೆ.
ಬೆರಳು ಸುಳ್ಳು ಹೇಳಬಹುದು, ನಾಲಿಗೆ ಹೇಳದು.
(ಈ ಮಾತು ನನ್ನ ಕಸುಬಿನಲ್ಲಿ ಮಾತ್ರ ನಿಜ.)
"ನಿನಗೆ ತಲೆ ಕೆಟ್ಟಿದೆ, ಲೇಯ್ದಾ" ಅಂದ ಅಣ್ಣ ಬಾಗಿಲಲ್ಲಿ.

ಹಿಂಬದಿಗೆ ಕಪ್ಪು ಬಳಿದೆವು.
ಕಪ್ಪಿನ ಮೇಲೆ ಆ ಮಬ್ಬು ಇನ್ನೂ ಎದ್ದು ಕಂಡಿತು.
ಚಕ್ರಕ್ಕೆ ಒಡ್ಡಿದರೆ ಹೋಗುತ್ತಿತ್ತು.
ಕೈ ಚಾಚಿದೆ; ಅವನು "ಇರಲಿ" ಅಂದ,
ಬೇರೆಲ್ಲೋ ನೋಡುತ್ತ.

ಆಗ ನೆನಪಾಯಿತು: ಆ ಎರಡು ವರ್ಷ
ದಿನಾ ಒಂದು ರೈ ಬ್ರೆಡ್ಡು ಕೊಳ್ಳುತ್ತಿದ್ದ ಇವನು,
ಮನೆಯಲ್ಲಿ ತಿನ್ನುವ ಬಾಯಿ ಒಂದೇ,
ಅದೂ ನಾನು ಕೊಟ್ಟ ಹಲ್ಲು.
ಗಲ್ಲಾದಲ್ಲಿ ಹೆಲ್ವಿ ಕೂರುತ್ತಿದ್ದಳು.
ಅಂಗಡಿ ಮುಚ್ಚಿದ ಮೇಲೆ ಟಾರ್ಟುವಿಗೆ, ಮಗಳ ಊರಿಗೆ ಹೋದಳು.

ಎಂಟು ತಿರುಪು ಬಿಗಿದೆವು, ಪೂರ್ತಿ ಬಿಗಿಯಲ್ಲ,
ಪ್ಲಾಸ್ಟಿಕ್ಕಿಗೂ ಬೇಸಿಗೆಯಲ್ಲಿ ಉಸಿರು ಬೇಕು.
ಕೊಟ್ಟಿಗೆಯೊಳಗೆ, ನೀರಿಲ್ಲದ ದೋಣಿಯಲ್ಲಿ,
ಎಂಡೆಲ್ ಚುಕ್ಕಾಣಿಗೆ ಕೂತ.
ಜೇಬಿನಿಂದ ಒಂದು ನಾಣ್ಯ ತೆಗೆದು ಕಿಂಡಿಯೊಳಗೆ ತೂರಿಸಿದ.
ದೋಣಿಯ ಹೊಟ್ಟೆಯಲ್ಲಿ ಎಲ್ಲೋ ಠಣ್ ಅಂದಿತು.

ಸ್ವಲ್ಪ ಹೊತ್ತು ಕಾದ.
ಚಿಲ್ಲರೆ ಬರಲಿಲ್ಲ.