ಹಿಮ್ಮಡಿಯಿಂದ ಅಕ್ಷರ

ಕುತಾಯಿಸಿಯ ಹಳೆಯ ಆಸ್ಪತ್ರೆಯ ಮೂರನೇ ಮಹಡಿ.
ಹೀಟರು ಕೆಮ್ಮುತ್ತದೆ, ಕಿಟಕಿಯಾಚೆ ರಿಯೋನಿ ನದಿ
ಈಗಷ್ಟೇ ಒರೆಸಿಟ್ಟ ಸ್ಲೇಟಿನ ಹಾಗೆ.
ನಾವು ಹನ್ನೊಂದು ಜನ.
ಮುರಿದ ಮಣಿಕಟ್ಟು, ಲಕ್ವ ಹೊಡೆದ ತೋಳು,
ಚಿಯಾತುರದ ಗಣಿಯಲ್ಲಿ ಬೆರಳು ಬಿಟ್ಟು ಬಂದವರ ಅಂಗೈ,
ಇವನ್ನೆಲ್ಲ ಪಳಗಿಸಿ ಗೊತ್ತಿದ್ದವರು;
ಮಗುವಿಗೆ ಒಂದಕ್ಷರ ಕಲಿಸಿ ಗೊತ್ತಿಲ್ಲದವರು.
ಎತೆರಿ ಬಂದವಳೇ ನಮ್ಮ ಪೆನ್ನುಗಳನ್ನೆಲ್ಲ
ಉಪ್ಪಿನಕಾಯಿ ಜಾಡಿಗೆ ಹಾಕಿ ಮುಚ್ಚಳ ತಿರುಗಿಸಿದಳು.
"ಗುರುವಾರ ಕೊಡುತ್ತೇನೆ."

ಸೋಮವಾರ ಪೂರ್ತಿ ಕುರ್ಚಿ.
ಪಾದ ನೆಲ ಮುಟ್ಟದ ಸ್ಟೂಲಿನ ಮೇಲೆ ಕೂರಿಸಿ
ಸೂಜಿಗೆ ದಾರ ಪೋಣಿಸಿ ಎಂದಳು.
ಪೋಣಿಸಿ ನೋಡಿ. ಕಾಲು ತೂಗುತ್ತಿದ್ದರೆ
ಕೈಗೆ ಮನೆಯೇ ಇಲ್ಲ.
"ಅಕ್ಷರ ಹುಟ್ಟುವುದು ಹಿಮ್ಮಡಿಯಲ್ಲಿ.
ಬೆನ್ನು ಹತ್ತಿ, ಭುಜ ಇಳಿದು,
ಬೆರಳಿಗೆ ಬರುವಷ್ಟರಲ್ಲಿ ಅದಕ್ಕೂ ಸುಸ್ತು."
ನೇಸ್ತಾನ್ ಬರೆದುಕೊಳ್ಳಲು ಪೆನ್ನು ಹುಡುಕಿದಳು.
ಜಾಡಿಯನ್ನು ನೋಡಿದಳು.

ಮರುದಿನ ಮೇಜಿನ ತುಂಬ ಹಿಟ್ಟು.
ಖಿಂಕಾಲಿ ಕಡುಬು: ಮಾಂಸ ತುಂಬಿ ನೆರಿಗೆ ಹಿಡಿಯಬೇಕು,
ಹೆಬ್ಬೆರಳು, ತೋರುಬೆರಳು, ಕೆಳಗೆ ಆಸರೆಗೆ ನಡುಬೆರಳು.
"ಹಾಗೇ ಇರಿ!" ಕೂಗಿದಳು ಎತೆರಿ.
ಹನ್ನೊಂದು ಕೈ ಗಾಳಿಯಲ್ಲಿ ನಿಂತವು.
"ಪೆನ್ಸಿಲ್ಲು ಬಂದು ಕೂರುವ ಜಾಗ ಅದೇ.
ನಿಮ್ಮಜ್ಜಿಗೆ ಗೊತ್ತಿತ್ತು, ಪುಸ್ತಕಕ್ಕೆ ಆಮೇಲೆ ಗೊತ್ತಾಯಿತು."
ನನ್ನದು ಹನ್ನೆರಡೇ ನೆರಿಗೆ. ಪಕ್ಕದವನದು ಹತ್ತೊಂಬತ್ತು,
ಹದಿನೈದು ವರ್ಷ ಲಾರಿ ಡ್ರೈವರುಗಳ ಬೆನ್ನು ತಿಕ್ಕಿದವನು.
ಮಧ್ಯಾಹ್ನ ಪಾಠವನ್ನೆಲ್ಲ ಬೇಯಿಸಿ ತಿಂದೆವು.

ಎಡಗೈಯ ಸರದಿ ಬಂದದ್ದು ಬುಧವಾರ.
ಅದಕ್ಕೆ ದಪ್ಪ ಉಣ್ಣೆಯ ಗವಸು ತೊಡಿಸಿ,
ಸೀಮೆಸುಣ್ಣ ಕೊಟ್ಟು, ಗೋಡೆಗೆ ಕಪ್ಪು ಹಾಳೆ ಅಂಟಿಸಿ
"ದೆದಾ ಎಂದು ಬರೆಯಿರಿ" ಎಂದಳು.
(ನಮ್ಮಲ್ಲಿ ದೆದಾ ಎಂದರೆ ಅಮ್ಮ. ಅಪ್ಪನಿಗೆ ಮಾಮಾ ಎನ್ನುತ್ತೇವೆ.
ನಗಬೇಡಿ.)
ನಮ್ಮ ಲಿಪಿಯಲ್ಲಿ ನಾಲ್ಕಕ್ಷರ, ನಾಲ್ಕೂ ದುಂಡಗೆ.
ನನ್ನ ಮೊದಲನೆಯದರ ಹೊಟ್ಟೆ ಬಿರಿಯಿತು,
ಎರಡನೆಯದು ಬೆನ್ನು ತಿರುಗಿಸಿ ನಿಂತಿತು,
ಆಮೇಲೆ ಬರೀ ಕಾಗೆ ಕಾಲು ಗುಬ್ಬಿ ಕಾಲು.
ಎತೆರಿ ಹಿಂದೆ ನಿಂತು, ಬೇಕೆಂದೇ, ಗಡಿಯಾರ ನೋಡುತ್ತ:
"ಬೇಗ. ಎಲ್ಲರದೂ ಮುಗಿಯಿತು. ನಿನ್ನೆ ಹೇಳಿಕೊಟ್ಟಿರಲಿಲ್ಲವೇ?"
ನಲವತ್ತೆರಡು ವರ್ಷದ ನನ್ನ ಕಿವಿ ಬಿಸಿಯಾಯಿತು.
ಹೊಟ್ಟೆನೋವೆಂದು ಹೇಳಿ ಮನೆಗೆ ಹೋಗೋಣ ಅನ್ನಿಸಿತು,
ನಿಜವಾಗಿಯೂ.
"ಅದನ್ನು ನೆನಪಿಟ್ಟುಕೊಳ್ಳಿ" ಎಂದಳು ಮೆಲ್ಲಗೆ,
"ಉಳಿದದ್ದು ನೋಟ್ಸಿನಲ್ಲಿದೆ."

ಗುರುವಾರ ಜಾಡಿ ತೆರೆಯಿತು, ಬಾಕಾರ್ ಬಂದ.
ಆರು ವರ್ಷ. ಮುಂದಿನ ಎರಡು ಹಲ್ಲಿಲ್ಲ.
ಪೆನ್ಸಿಲ್ಲು ಮುಷ್ಟಿಯೊಳಗೆ, ಗಾಳಿಯಲ್ಲಿ ಕೊಡೆ ಹಿಡಿದಂತೆ.
ಹಾಳೆ ಹರಿಯುವಷ್ಟು ಒತ್ತಿದ. ಬೆವರಿದ.
ಆಮೇಲೆ ಮೇಜಿನ ಕೆಳಗೆ.
ನಾನೂ ಮೇಜಿನ ಕೆಳಗೆ ಹೋದೆ.
ಅಲ್ಲಿ ನೆಲ ತಣ್ಣಗಿತ್ತು. ಹೊಟ್ಟೆಯ ಮೇಲೆ ಮಲಗಿದೆವು,
ಮೊಣಕೈ ನೆಲಕ್ಕೆ, ಹಿಮ್ಮಡಿ ಗಾಳಿಗೆ,
ಎತೆರಿಯ ಸೋಮವಾರಕ್ಕೆ ತೀರಾ ತದ್ವಿರುದ್ಧ.
ಜೇಬಿನಿಂದ ಪೆನ್ಸಿಲ್ಲಿನ ತುಂಡೊಂದು ತೆಗೆದೆ, ಹೆಬ್ಬೆರಳುದ್ದದ್ದು.
ಮುಷ್ಟಿಗೆ ಅದರಲ್ಲಿ ಜಾಗವಿಲ್ಲ.
ಮೂರು ಬೆರಳು ತಾವಾಗಿ ಬಂದವು,
ಕಡುಬಿಗೆ ಬಂದ ಹಾಗೆ.

ಅವನು ಬರೆದದ್ದು ಬಲಕ್ಕೆ ವಾಲಿತ್ತು.
ನನ್ನ ಕೈ ಅವನ ಕೈಯ ಮೇಲೆ ಹೋಗಲು ಎದ್ದಿತು.
ತಿದ್ದುವುದು ಎಂಬ ಮಾತಿಗೆ ಎರಡು ಬಾಗಿಲು:
ತಪ್ಪನ್ನು ತೆಗೆಯುವುದೊಂದು,
ಬರೆದದ್ದರ ಮೇಲೆಯೇ ಮತ್ತೆ ಮತ್ತೆ ನಡೆಯುವುದಿನ್ನೊಂದು.
ಯಾವುದಕ್ಕೆ ಎದ್ದಿತೋ ತಿಳಿಯಲಿಲ್ಲ.
ಕೈಯನ್ನು ಹೊಟ್ಟೆಯಡಿ ಇಟ್ಟುಕೊಂಡು ಅದರ ಮೇಲೆ ಮಲಗಿದೆ.

ಸುತ್ತ ಹನ್ನೊಂದು ಜೊತೆ ಬೂಟುಗಳು
ಹಿಮ್ಮಡಿಯೂರಿ, ಸದ್ದಿಲ್ಲದೆ ನಿಂತಿದ್ದವು.
ಬಾಕಾರ್ ಅವನ್ನು ಎಣಿಸಿದ.
ಹಾಳೆಯ ಅಂಚಿನಲ್ಲಿ ಒಂದು ಬೂಟು ಬರೆದ, ಲೇಸಿನ ಸಮೇತ,
ಕುಣಿಕೆಯೂ ಸರಿಯಾಗಿ ಸುತ್ತಿ ಬಂತು.
ಬೆರಳಿಟ್ಟು ನನ್ನನ್ನೇ ಕೇಳಿದ:
"ಇದು ಯಾವ ಅಕ್ಷರ?"