ತಗ್ಗು

ನನ್ನ ಪಾಲಿಗೆ ಬಂದದ್ದು ಮರಗಳು.
ತಾಮ್ರದ ತಂತಿ ಹೊಸೆದು, ಬಸಿದ ಟೀಸೊಪ್ಪು ಒಣಗಿಸಿ
ಎಪ್ಪತ್ತೆರಡು ಓಕ್, ಹನ್ನೊಂದು ವಿಲೋ.
ನೆಲವೆಲ್ಲ ಈನಕ್ ಥ್ವೇಟನದು.

ನಲವತ್ತು ವರ್ಷ ಯಾರ್ಕ್‌ಶೈರಿನ ಹೊಲಗಳ ಅಡಿಯಲ್ಲಿ
ಮಣ್ಣಿನ ಕೊಳವೆ ಹೂತು ನೀರು ಬಸಿದವನು
ಈಗ ಗ್ಯಾರೇಜಿನಲ್ಲಿ ಥರ್ಮಾಕೋಲು ಕೊಯ್ಯುತ್ತಾನೆ.
ಕಾದ ತಂತಿ ಬೆಣ್ಣೆಯೊಳಗಿನ ಕೂದಲಿನಂತೆ ಸರಿದು
ಗುಡ್ಡವೊಂದು ಮಗ್ಗುಲಾಗುತ್ತದೆ,
ಕಮಟು ಹೊಗೆಗೆ ಬೆಕ್ಕು ಎದ್ದು ಹೋಗುತ್ತದೆ.

ಆಡಬೇಕಾದ ಯುದ್ಧ ಚಿಕ್ಕದು.
ರಾಜನ ಕಡೆಯವರು, ಪಾರ್ಲಿಮೆಂಟಿನ ಕಡೆಯವರು,
ಥಾರ್ನ್‌ಬೆಕ್ ಹಳ್ಳದ ಬದಿ, ಒಂದು ಜುಲೈ ಸಂಜೆ.
ಪಾದ್ರಿಯೊಬ್ಬ ಬರೆದಿಟ್ಟ ಮೂರು ಸಾಲು ಬಿಟ್ಟರೆ
ಬೇರೆ ಸಾಕ್ಷಿಯಿಲ್ಲ:
ಇನ್ನೂರು ಕುದುರೆ ಗುಡ್ಡ ಇಳಿದವು.
ನಿಂತಲ್ಲೇ ನಿಂತವು.
ಕತ್ತಲಾಯಿತು.

ನಿಂತದ್ದೆಲ್ಲಿ?
ನಿಯಮ ಬರೆದ ಜೂಲಿಯನ್ ಪೆಗ್‌ನ ನಕ್ಷೆಯಲ್ಲಿ
ಸೇತುವೆಯ ಬಳಿ. ಅಲ್ಲಾದರೆ ದಾಳ ಉರುಳಿಸಲು
ಎರಡೂ ಕಡೆಯವರಿಗೆ ಜಾಗ.
ಥ್ವೇಟ್ ಕನ್ನಡಕ ಹಣೆಗೇರಿಸಿ ನೋಡಿದ.
"ನಿನ್ನ ಹಳ್ಳ ದಿಬ್ಬ ಹತ್ತುತ್ತಿದೆ."
"ಇದು ಆಟ, ಈನಕ್."
"ಆಟ ನಿನ್ನದು. ನೀರು ನಿನ್ನದಲ್ಲ."

ಮೂರು ವಾರ ಮಾತು ನಿಂತಿತು.
ಅವನ ಚೀಟಿ ಇವನಿಗೆ, ಇವನ ಚೀಟಿ ಅವನಿಗೆ,
ನಡುವೆ ಮರ ಮಾಡುವ ನಾನು.

ಒಂದು ಭಾನುವಾರ ಅವನೊಡನೆ ಆ ಹೊಲಕ್ಕೆ ಹೋದೆ.
ಈಗ ಅಲ್ಲಿ ಬೀನ್ಸ್. ಹಳ್ಳಕ್ಕೆ ಸಿಮೆಂಟಿನ ಅಂಚು.
ಒಂದು ಮೂಲೆಯಲ್ಲಿ ನಿಂತು ಹಿಮ್ಮಡಿಯಿಂದ ಗುದ್ದಿದ,
ಕಿವಿಗೊಟ್ಟ, ಮತ್ತೆ ಗುದ್ದಿದ.
ತಂಬಾಕಿನ ಡಬ್ಬಿಯಲ್ಲಿ ಒಂದು ಹಿಡಿ ಮಣ್ಣು ತಂದ,
ಬಣ್ಣ ಹೊಂದಿಸಲಿಕ್ಕೆ, ಅಂದ.

ತೆಂಗಿನ ನಾರಿನ ಕಾಲೊರಸು ಹರಿದು ರೈ ಪೈರಾಯಿತು.
ಬೆಕ್ಕಿನ ಮರಳು ಕಲ್ಲುಗೋಡೆಯಾಯಿತು.
ಹಳ್ಳಕ್ಕೆ ಏಳು ಸಲ ವಾರ್ನಿಷ್.
ಅದಕ್ಕೂ ಮೊದಲಿನ ಒಂದು ರಾತ್ರಿ ಕಂಡೆ:
ಬತ್ತಲೆ ಹಲಗೆಯ ಮೇಲೆ ಚಮಚದಿಂದ ನೀರು ಬಿಟ್ಟು
ಅದು ಹೋಗುವ ದಾರಿಯನ್ನೇ ನೋಡುತ್ತಾನೆ,
ಉಗುರಿನಲ್ಲಿ ಕೂದಲಷ್ಟು ನೆಲ ಕೆರೆಯುತ್ತಾನೆ,
ಒರೆಸುತ್ತಾನೆ. ಮತ್ತೊಂದು ಚಮಚ.

ಡಾರ್ಲಿಂಗ್‌ಟನ್ನಿನ ಕ್ರೀಡಾಭವನ, ನಲವತ್ತು ಮೇಜು.
ಪಕ್ಕದಲ್ಲಿ ರೋಮನ್ನರು. ಅವರಾಚೆ ಒಂದು ಮರುಭೂಮಿ,
ಮರಳು ನೆಲಕ್ಕೆಲ್ಲ ಉದುರಿ ಬೈಸಿಕೊಳ್ಳುತ್ತಿತ್ತು.
ನಮ್ಮಲ್ಲಿ ರಾಜನ ಕುದುರೆಗಳ ಹೊಣೆ
ಹಲ್ಲಿನ ಡಾಕ್ಟರು ಮ್ಯೂರಿಯಲ್ ಕ್ರಾಗ್‌ಳದು.
ಎರಡು ಆರು ಬಿದ್ದವು ಅಂತ ಕೈ ಎತ್ತಿದಳು ನೋಡಿ,
ಗುಡ್ಡದ ನೆತ್ತಿಯಲ್ಲಿಟ್ಟಿದ್ದ ಟೀ ಲೋಟ ಮಗುಚಿತು.

ಅಯ್ಯೋ ಅಂದರು, ಟಿಶ್ಯೂ ಅಂದರು,
ಪದಾತಿಯನ್ನು ಹಿಡಿಹಿಡಿಯಾಗಿ ಎತ್ತಿದರು.
ಟೀಗೆ ಯಾವ ಗಡಿಬಿಡಿಯೂ ಇರಲಿಲ್ಲ.
ಇಳಿಯಿತು. ಬೇಲಿಯ ಬುಡದಲ್ಲಿ ಒಂದು ಗಳಿಗೆ ತಡೆಯಿತು,
ಗೇಟು ಕಂಡುಕೊಂಡಿತು, ಗಾಡಿಜಾಡು ಹಿಡಿಯಿತು,
ಸೇತುವೆಯ ಕಡೆ ತಿರುಗಿಯೂ ನೋಡದೆ
ರೈ ಹೊಲದ ಮೂಲೆಗೆ ಬಂದು,
ನನ್ನ ಮೂರನೆಯ ವಿಲೋ ಮರದ ಕೆಳಗೆ
ಅಂಗೈಯಗಲ ಹರಡಿ, ನಿಂತಿತು.

ಬಟ್ಟೆ ಹಿಡಿದು ಬಗ್ಗಿದವನ ತೋಳು ಹಿಡಿದು
"ಇರಿ" ಅಂದ ಥ್ವೇಟ್. ಅಷ್ಟೇ ಅಂದದ್ದು.

ಪೆಗ್ ಮೇಜು ಸುತ್ತಿ ಬಂದ.
ಗುಡ್ಡ ನೋಡಿದ, ಜಾಡು ನೋಡಿದ, ಬಹಳ ಹೊತ್ತು.
ಆಮೇಲೆ ಸೇತುವೆ ಬಳಿಯ ಕುದುರೆಗಳನ್ನು
ಒಂದೊಂದಾಗಿ ಎತ್ತಿ
ಟೀ ನಿಂತಲ್ಲಿ ಇಡತೊಡಗಿದ.
ಇನ್ನೂ ಬಿಸಿಯಿತ್ತು.
ಹಬೆ ಅವುಗಳ ಹೊಟ್ಟೆಯವರೆಗೆ ಬರುತ್ತಿತ್ತು.