ಷರಾ

ಕೈರೋದಿಂದ ಬಂದ ನಮೂನೆಯಲ್ಲಿ ಹದಿನಾಲ್ಕು ಕಾಲಂ.
ಶೆಡ್ಡಿನ ಉದ್ದ, ಶೆಡ್ಡಿನ ಅಗಲ, ಫ್ಯಾನು ಎಷ್ಟು,
ಮಾಲೀಕನ ಪರವಾನಗಿ ಸಂಖ್ಯೆ.
ಛಾವಣಿ ಅನ್ನುವ ಕಾಲಂ ಇಲ್ಲ.
ಫಯ್ಯೂಮಿನ ನಮ್ಮ ಹಳ್ಳಿಗಳಲ್ಲಿ ಕೋಳಿ ಇರುವುದು
ಮಣ್ಣಿನ ಮೆಟ್ಟಿಲು ಹತ್ತಿದರೆ ಸಿಗುವ ಛಾವಣಿಯಲ್ಲೇ,
ಒಣಹಾಕಿದ ಮೆಕ್ಕೆಜೋಳದ ಪಕ್ಕ, ಮುರಿದ ಮಂಚದ ಕೆಳಗೆ,
ಡಿಶ್ ಆಂಟೆನಾದ ನೆರಳಲ್ಲಿ.

ಸಭೆಯಲ್ಲಿ ಡಾಕ್ಟರ್ ವಗ್ದಿ ನಕ್ಷೆ ಹಾಸಿದರು:
ಕಾರೂನ್ ಸರೋವರಕ್ಕೆ ಚಳಿಗಾಲದ ಬಾತುಗಳು ಇಳಿಯುವ ಮುಂಚೆ
ನೂರಕ್ಕೆ ಎಂಬತ್ತು ಹಕ್ಕಿಗೆ ಲಸಿಕೆ ಬಿದ್ದಿರಬೇಕು.
ಯಾವ ನೂರಕ್ಕೆ, ಅಂದೆ.
ಅವರು ಕನ್ನಡಕ ಒರೆಸಿಕೊಂಡರು.
ಅದನ್ನೇ ನೀನು ಎಣಿಸಿ ತರಬೇಕು, ನಬವಿಯಾ.

ಎಣಿಸಲು ಹೊರಟೆ.
ಬಾಗಿಲು ತೆರೆದವರೆಲ್ಲ ಕೈ ಕೊಡವಿದರು:
ಕೋಳಿಯೇ? ನಮ್ಮಲ್ಲೇ? ಎಂದೋ ಮಾರಿಯಾಯಿತು.
ಅಂಗಳದ ತುಂಬ ಪುಕ್ಕ,
ಹೇಳುವವಳ ನಿಲುವಂಗಿಯ ಜೇಬಲ್ಲಿ ಕಾಳು.
ಎಣಿಸಿದರೆ ಕಣ್ಣು ಬೀಳುತ್ತದೆಂಬ ಭಯ ಅರ್ಧ,
ಉಳಿದರ್ಧ ಆ ವರ್ಷದ್ದು.
ಬಿಳಿ ಮುಸುಕಿನ ಗಂಡಸರು ಬಂದು
ಎಷ್ಟಿವೆ ಎಂದು ಮೊದಲು ಕೇಳಿ
ಆಮೇಲೆ ಅಷ್ಟನ್ನೂ ಗೋಣಿಚೀಲಕ್ಕೆ ತುಂಬಿದ ವರ್ಷ.
ಲಾರಿಯಲ್ಲಿ ಚೀಲಗಳು ತುಸು ಹೊತ್ತು ಕುಪ್ಪಳಿಸಿದವಂತೆ.
ತನ್ನ ಹುಂಜ ಕೂಗದಿದ್ದರೆ ಊರಿಗೆ ಬೆಳಗೇ ಆಗದು
ಅಂದುಕೊಳ್ಳುವ ಮುದುಕಿಯರು ಎಲ್ಲ ಊರಲ್ಲೂ ಇದ್ದಾರೆ.
ಮಾರನೆಯ ದಿನ ಒಂದೂ ಕೂಗಲಿಲ್ಲ,
ಬೆಳಗಾಯಿತು.
ಅದನ್ನು ಅವರು ಇನ್ನೂ ಕ್ಷಮಿಸಿಲ್ಲ.

ಇನ್ಶಿರಾಹ್ ಚಹಾ ಕೊಟ್ಟಳು, ಸಕ್ಕರೆ ಮೂರು ಚಮಚ.
ಇಲ್ಲಮ್ಮ, ಒಂದೂ ಇಲ್ಲ, ದೇವರಾಣೆ ಅನ್ನಲು ಬಾಯಿ ತೆರೆದಳು.
ಆರಿದ ರೊಟ್ಟಿಯೊಲೆಯ ಒಳಗಿಂದ ಒಂದು ಹೇಂಟೆ
ಆಗಷ್ಟೇ ಮೊಟ್ಟೆಯಿಟ್ಟ ಸಂಭ್ರಮವನ್ನು
ಇಡೀ ಓಣಿಗೆ ಸಾರಿತು.
ಇಬ್ಬರೂ ಲೋಟ ನೋಡುತ್ತ ಕೂತೆವು.
ಆಮೇಲೆ ಅವಳು ನಕ್ಕಳು, ಮುಂದಿನ ಹಲ್ಲಿಲ್ಲದ ನಗು.
ಒಂಬತ್ತು, ಅಂದಳು. ಬರೆದುಕೋ.
ಬೂದಿಯೊಳಗಿಂದ ಒಂದೊಂದೇ ಇಳಿದವು,
ಬೆಳ್ಳಿ ಕೊರಳು, ಕರಿಚುಕ್ಕೆ ಮೈ, ನಮ್ಮ ನೆಲದ ತಳಿ,
ಮೈ ಕೊಡವಿ, ನನ್ನ ಬೂಟನ್ನು ಕುಕ್ಕಿ ನೋಡಿ.

ಒಂಬತ್ತು ಕೋಳಿ. ಒಂದು ಸೀಸೆಯಲ್ಲಿ ಐನೂರು ಡೋಸು.
ಮುಚ್ಚಳಕ್ಕೆ ಸೂಜಿ ಚುಚ್ಚಿದ ಮೇಲೆ
ಅದೇ ದಿನ ಮುಗಿಸಬೇಕು, ಇಲ್ಲವೇ ಚೆಲ್ಲಬೇಕು.
ಅಂದರೆ ಐವತ್ತು ಛಾವಣಿ, ಐವತ್ತು ಲೋಟ ಚಹಾ,
ಪೆಟ್ಟಿಗೆಯ ಐಸು ಕರಗುವ ಮುಂಚೆ.
ಹಗಲಲ್ಲಿ ಕೋಳಿ ಯಾರಪ್ಪನ ಕೈಗೂ ಸಿಗುವುದಿಲ್ಲ;
ಕಾಲುವೆ ದಂಡೆ, ಪಕ್ಕದವರ ತಿಪ್ಪೆ, ಶಾಲೆಯ ಹಿತ್ತಿಲು.
ಸಂಜೆಯ ಬಾಂಗು ಕೇಳಿದಾಗಲೇ ಗೂಡಿಗೆ ಬರುವುದು.
ಷರಾ ಕಾಲಂನಲ್ಲಿ ಬರೆದೆ:
ಕಚೇರಿ ಮುಚ್ಚುವುದು ಎರಡಕ್ಕೆ.
ಕೋಳಿ ಮನೆಗೆ ಬರುವುದು ಆರಕ್ಕೆ.
ಯೋಜನೆ ಇವೆರಡರ ನಡುವೆ ಎಲ್ಲೋ ಇದೆ.
ಕೊನೆಯ ಸಾಲನ್ನು ಡಾಕ್ಟರ್ ವಗ್ದಿ ಹೊಡೆದುಹಾಕಿ ಕಳಿಸಿದರು.
ತಿಂಗಳಾದ ಮೇಲೆ ಉತ್ತರ:
ಸಂಜೆ ಕೆಲಸಕ್ಕೆ ಅನುಮತಿ ಇದೆ. ಭತ್ಯೆ ಇಲ್ಲ.

ಇವತ್ತು ಸಂಜೆ ಮತ್ತೆ ಆ ಮೆಟ್ಟಿಲು.
ಸರೋವರದ ಕಡೆಯ ಗಾಳಿ; ತುಂಬ ಎತ್ತರದಲ್ಲಿ
ಬಾತುಗಳ ಮೊದಲ ಸಾಲು.
ನೋಡಲು ಚೆಂದವೇ, ಅದೇ ತೊಂದರೆ.
ಇನ್ಶಿರಾಹ್ ಟಾರ್ಚು ಹಿಡಿದಳು, ಮೊಮ್ಮಗ ರೆಕ್ಕೆ ಹಿಡಿದ.
ಕತ್ತಿನ ಹಿಂದಿನ ತೊಗಲನ್ನು ಎರಡು ಬೆರಳಲ್ಲಿ ಎತ್ತಿ
ಅರ್ಧ ಎಂಎಲ್.
ಚುಚ್ಚುವ ಮುಂಚಿನ ಗಳಿಗೆ, ಅಂಗೈಯ ಕೆಳಗೆ
ಅದರ ಎದೆ ಎಷ್ಟು ಬೇಗ ಬಡಿಯುತ್ತದೆಂದರೆ
ಎಣಿಸಲಾಗದು.

ಒಂಬತ್ತಾಯಿತು. ಸೀಸೆ ಎತ್ತಿಡುವಾಗ
ಅವಳು ಶಾಲಿನೊಳಗಿಂದ ಇನ್ನೊಂದನ್ನು ತೆಗೆದಳು,
ಕಾವು ಕೂತಿದ್ದದ್ದು, ಮೈಯೆಲ್ಲ ಬಿಸಿ, ಸಿಟ್ಟು.
ಇದಕ್ಕೂ ಹಾಕು, ಅಂದಳು.
ಬರೆಯಬೇಡ.

ಹಾಕಿದೆ.
ಲೆಕ್ಕದ ಪ್ರಕಾರ ಒಂದು ಡೋಸು ಪೋಲಾಗಿದೆ.